ವೈದ್ಯನ ಕೈಯ ತಕ್ಕಡಿ
(ಬರ್ನಾರ್ಡ್ ಷಾ ಮಹಾಶಯನ ಒಂದು ನಾಟಕದ ವಿಚಾರ)

ಮದ್ದು ಒಬ್ಬನಿಗೆ ಸಾಲುವಷ್ಟಿದ್ದು ರೋಗಿಗಳು ಇಬ್ಬರಿದ್ದರೆ ವೈದ್ಯನು ಮಾಡತಕ್ಕುದೇನು? ಧರ್ಮಶಾಸ್ತ್ರಜ್ಞನು ಈ ಪ್ರಶ್ನೆಯನ್ನು ವಿಧಿನಿಷೇಧಗಳಿಂದ ವಿಚಾರಿಸುವನು. ರಾಜ್ಯಾಧಿಕಾರಿಯು ಆಯವ್ಯಯದ ಲೆಕ್ಕದಿಂದ ಬಿಡಿಸಲೆಳಸುವನು. ನಾಟಕಕಾರನಾದರೋ ಆ ವೈದ್ಯನನ್ನೂ ಆ ರೋಗಿಗಳಿಬ್ಬರನ್ನೂ ರಂಗದ ಮೇಲೆ ತಂದು ನಿಲ್ಲಿಸಿ, ತೀರ್ಪನ್ನು ಪ್ರೇಕ್ಷಕರ ಅಂತಃಕರಣಕ್ಕೆ ಬಿಡುವನು. ಈ ಮೂರನೆಯ ಮಾರ್ಗವನ್ನು ಹಿಡಿದವರಲ್ಲಿ ಬರ್ನಾರ್ಡ್ ಷಾ ಮಹಾಶಯನು ಮುಖ್ಯನು. ಅವನ ‘ದಿ ಡಾಕ್ಟರ್ಸ್ ಡೈಲೆಮಾ’ ಎಂಬ ಐದು ಅಂಕಗಳ ನಾಟಕವು—ಕನ್ನಡದಲ್ಲಿ ‘ವೈದ್ಯನ ಉಭಯಸಂಕಟ’ ಎನ್ನಬಹುದು—1906ನೆಯ ಇಸವಿ ನವೆಂಬರ್ 20ರಂದು ಲಂಡನ್ನಿನ ರಾಯಲ್ ಕೋರ್ಟ್ ನಾಟಕಶಾಲೆಯಲ್ಲಿ ಮೊದಲು ಪ್ರಯೋಗವಾಯಿತು. 1911ರಲ್ಲಿ ವೈದ್ಯವೃತ್ತಿಯನ್ನು ಕುರಿತ ದೀರ್ಘವಾದೊಂದು ಪೀಠಿಕೆಯೊಡನೆ ಅಚ್ಚಾಯಿತು.

ಪೀಠಿಕೆಯ ಖ್ಯಾತಿಯು ನಾಟಕಕ್ಕೆ ಉಪಕಾರವನ್ನೇ ಮಾಡಿತೆಂದು ಹೇಳಲಾಗದು. ಕಾಲು ಕತ್ತರಿಸಿದರೆ ಹಣ, ಕತ್ತರಿಸದಿದ್ದರೆ ಹಣವಿಲ್ಲವೆಂಬ ಏರ್ಪಾಡಿನಲ್ಲಿ ಶಸ್ತ್ರವೈದ್ಯನ ಸಲಹೆಯನ್ನು ಹೇಗೆ ನಂಬುವುದೆಂಬ ಆಕ್ಷೇಪವೂ, ವೈದ್ಯವು ಸಾರ್ವಜನಿಕ ಸೇವೆಯಾಗತಕ್ಕುದೆಂಬ ವಾದವೂ ಅಲ್ಲಿ ವಿಸ್ತಾರವಾಗಿ ಬಂದಿರುವುದರಿಂದ, ಓದುವವರು ನಾಟಕವನ್ನೂ ವೈದ್ಯರ ಪರಿಹಾಸವೆಂದೇ ಎಣಿಸಿ ನಕ್ಕು ಮುಗಿಸುವುದುಂಟು. ಪರಿಹಾಸಕ್ಕೆ ಅಲ್ಲಿ ಕೊರತೆಯಿಲ್ಲವೆಂಬುದು ನಿಜ. ಒಬ್ಬ ವೈದ್ಯನಿಗೆ ರಕ್ತದ ವಿಷವೇ ಸಕಲ ರೋಗಗಳಿಗೂ ಕಾರಣ. ಮತ್ತೊಬ್ಬನಿಗೆ ರಕ್ತದೊಳಗಿನ ಭಕ್ಷಕಕಣಗಳನ್ನು ಕೆರಳಿಸುವುದೇ ಸಕಲಕ್ಕೂ ಮದ್ದು. ಆದರೆ ಈ ನಗೆಯು ಮೇಲಣ ನೊರೆ. ಅದರ ಕೆಳಗೆ ಹರಿಯುವ ನೀರು ಆಳವಾದುದು, ತಣ್ಣಗಿನದು. ಅದನ್ನು ಮುಟ್ಟಿ ನೋಡುವುದೇ ಈ ಲೇಖನದ ಉದ್ದೇಶ.

ವಸ್ತುವಿನ ಮೂಲವು ಪ್ರಸಿದ್ಧವಾಗಿದೆ. ವಿಷಮಜ್ವರದ ಲಸಿಕೆಯಿಂದ ಹೆಸರಾಂತ ಆಲ್ಮ್ರಾತ್ ರೈಟ್ ಪಂಡಿತನು ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಷಾ ಅಲ್ಲಿಗೆ ಹೋಗುತ್ತಿದ್ದನು. ಇನ್ನೊಬ್ಬ ರೋಗಿಗೆ ಎಡೆಯುಂಟೆ ಎಂಬ ಮಾತು ಒಮ್ಮೆ ಅಲ್ಲಿ ಹುಟ್ಟಿ, ಯಾರ ಜೀವವು ಉಳಿಸಲು ಹೆಚ್ಚು ಯೋಗ್ಯವೆಂಬುದನ್ನು ನೋಡಬೇಕಾದೀತೆಂಬ ಅಭಿಪ್ರಾಯದ ಉತ್ತರವು ಬಂದಿತಂತೆ. ಷಾನು ಮರಣದೃಶ್ಯವನ್ನು ಬರೆಯಲಾರನೆಂದು ವಿಮರ್ಶಕನಾದ ವಿಲಿಯಂ ಆರ್ಚರ್ ಕೆಣಕಿದುದೂ ಇದಕ್ಕೆ ಒತ್ತಾಸೆಯಾಯಿತು. ಹೀಗೆ ಒಂದು ಮಾತು, ಒಂದು ಪಂಥ, ಇವೆರಡರಿಂದ ನಾಟಕವು ಜನಿಸಿತು.

ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಸರ್ ಕೊಲೆನ್ಸೊ ರಿಜನ್ ಎಂಬ ವೈದ್ಯನು ಕ್ಷಯರೋಗಕ್ಕೆ ಹೊಸ ಚಿಕಿತ್ಸೆಯೊಂದನ್ನು ಕಂಡುಹಿಡಿದು ರಾಜಸನ್ಮಾನವನ್ನು ಪಡೆದಿದ್ದಾನೆ. ಚುಚ್ಚುಮದ್ದನ್ನು ರಕ್ತದ ಸ್ಥಿತಿಯನ್ನು ಅರಿತು ಸಕಾಲದಲ್ಲಿ ಕೊಟ್ಟರೆ ಜೀವ ಉಳಿಯುವುದು. ಅಕಾಲದಲ್ಲಿ ಕೊಟ್ಟರೆ ಅದೇ ಮದ್ದು ಕೊಲ್ಲುವುದು. ಅವನ ಆಸ್ಪತ್ರೆಯಲ್ಲಿ ಹತ್ತು ಮಂದಿಗೆ ಮಾತ್ರ ಸ್ಥಳವುಂಟು. ಜೆನಿಫರ್ ಎಂಬ ತರುಣಿಯು ಬಂದು, ಚಿತ್ರಕಾರನಾದ ತನ್ನ ಗಂಡ ಲೂಯಿ ಡ್ಯೂಬೆಡಾನನ್ನು ಉಳಿಸಬೇಕೆಂದು ಬೇಡುತ್ತಾಳೆ. ಅವನು ಬರೆದ ಚಿತ್ರಗಳನ್ನು ತೋರಿಸುತ್ತಾಳೆ. ರಿಜನ್ನನು ಆ ಚಿತ್ರಗಳಿಗೆ ಮೆಚ್ಚುತ್ತಾನೆ, ಆಕೆಗೆ ಇನ್ನೂ ಹೆಚ್ಚಾಗಿ ಮೆಚ್ಚುತ್ತಾನೆ. ತನ್ನ ಸನ್ಮಾನದ ಔತಣಕ್ಕೆ ಗಂಡನನ್ನು ಕರೆತರುವಂತೆ ಹೇಳುತ್ತಾನೆ. ಔತಣದಲ್ಲಿ ಲೂಯಿಯು ಎಲ್ಲರನ್ನೂ ಮರುಳುಮಾಡುತ್ತಾನೆ. ಅವನು ಹೊರಟುಹೋದ ಮೇಲೆ, ಬಂದ ವೈದ್ಯರಲ್ಲಿ ಹಲವರಿಂದ ಸಾಲ ಕಿತ್ತಿರುವುದೂ, ಒಬ್ಬನ ಚಿನ್ನದ ಸಿಗರೇಟು ಪೆಟ್ಟಿಗೆಯು ಕಾಣದಾಗಿರುವುದೂ, ಉಪಾಹಾರಗೃಹದ ದಾಸಿಯೊಬ್ಬಳು ತಾನೇ ಅವನ ಹೆಂಡತಿಯೆಂದು ಹೇಳುವುದೂ ಬೆಳಕಿಗೆ ಬರುತ್ತವೆ. ಅದೇ ರಾತ್ರಿ ಬ್ಲೆಂಕಿನ್ಸಾಪ್ ಎಂಬ ಬಡ ವೈದ್ಯನು ತನಗೂ ಪುಪ್ಪುಸದ ಕ್ಷಯವು ತಗುಲಿರುವುದನ್ನು ಸಂಕೋಚದಿಂದ ತಿಳಿಸುತ್ತಾನೆ. ಲೂಯಿಯು ಅವನಿಂದಲೂ ಅರ್ಧ ಕ್ರೌನನ್ನು ಕಸಿದಿದ್ದನು! ಸ್ಥಳವಿರುವುದು ಒಬ್ಬನಿಗೆ. ಪ್ರತಿಭಾವಂತನಾದ ದುಷ್ಟನೋ, ಪ್ರತಿಭೆಯಿಲ್ಲದ ಶಿಷ್ಟನೋ? ರಿಜನ್ನನು ಬ್ಲೆಂಕಿನ್ಸಾಪನನ್ನು ತಾನು ಆರಿಸಿಕೊಂಡು, ಲೂಯಿಯನ್ನು ಸರ್ ರಾಲ್ಫ್ ಬಾನಿಂಗ್ಟನ್ ಎಂಬ ಆಡಂಬರದ ವೈದ್ಯನ ಕೈಗೆ ಒಪ್ಪಿಸುತ್ತಾನೆ. ಆ ಕೈಯಲ್ಲಿ ಅದೇ ಮದ್ದು ವಿಷವಾಗುವುದೆಂಬುದು ರಿಜನ್ನನಿಗೆ ಗೊತ್ತು. ಲೂಯಿಯು ಸಾಯುತ್ತಾನೆ. ಕೊನೆಯ ಅಂಕದಲ್ಲಿ, ವಿಧವೆಯನ್ನು ವರಿಸಬೇಕೆಂದಿದ್ದ ರಿಜನ್ನನು ಆಕೆ ಆಗಲೇ ಬೇರೊಬ್ಬನನ್ನು ವಿವಾಹವಾಗಿರುವಳೆಂದು ತಿಳಿದು ಬೆಪ್ಪಾಗುತ್ತಾನೆ.

ಷಾನು ಇದನ್ನು ದುರಂತನಾಟಕವೆಂದು ಕರೆದಿದ್ದಾನೆ. ಹಾಸ್ಯವೇ ಹೆಚ್ಚಾಗಿರುವ ಕೃತಿಗೆ ಈ ಹೆಸರು ಸಲ್ಲುವುದೆ ಎಂದು ಕೇಳಿದವರುಂಟು. ಕರುಣಕ್ಕೆ ಆಲಂಬನವು ಯಾರು? ಲೂಯಿಯೆಂದರೆ, ಅವನು ಸಾಯುವಾಗಲೂ ನಟನೇ. ಜೆನಿಫರಳೆಂದರೆ, ಆಕೆ ಕಡೆಯವರೆಗೂ ತನ್ನ ಭ್ರಾಂತಿಯಲ್ಲಿ ಸುಖಿಯಾಗಿಯೇ ಇರುವಳು. ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಮೃತಪಟ್ಟುದು ರಿಜನ್ನನೊಳಗಿನ ವೈದ್ಯಧರ್ಮ. ಐದನೆಯ ಅಂಕದಲ್ಲಿ ನಮ್ಮೆದುರು ನಿಲ್ಲುವವನು ಕೀರ್ತಿವಂತನೂ ಆರೋಗ್ಯವಂತನೂ ಆದ ಒಂದು ಶವ. ಈ ಅರ್ಥದಲ್ಲಿ ದುರಂತವೆಂಬ ಹೆಸರು ಉಚಿತವೇ ಆಗಿದೆ. ಹಾಸ್ಯವು ಅಂಗವಾಗಿ ನಿಂತು ಶೋಕವನ್ನೇ ಪೋಷಿಸುತ್ತದೆ.

ಆ ಧರ್ಮವು ಸತ್ತುದು ಯಾವ ಅಂಕದಲ್ಲಿ? ಮೂರನೆಯದರಲ್ಲಿ, ಲೂಯಿಯನ್ನು ಕೈಬಿಟ್ಟಾಗ ಎಂದು ಬಹುಮಂದಿ ಉತ್ತರ ಹೇಳುವರು. ಆದರೆ ಮೊದಲನೆಯ ಅಂಕವನ್ನು ಮತ್ತೊಮ್ಮೆ ಓದಬೇಕು. ಐವತ್ತು ರೋಗಿಗಳಲ್ಲಿ ಹತ್ತು ಮಂದಿಯನ್ನು ತಾನು ಆರಿಸಿಕೊಂಡುದಾಗಿಯೂ, ಗುಣವಾಗಬಲ್ಲವರು ಯಾರೆಂಬುದನ್ನು ಮಾತ್ರವಲ್ಲದೆ ಉಳಿಯಲು ಯೋಗ್ಯರು ಯಾರೆಂಬುದನ್ನೂ ತೂಗಿ ನೋಡಿದುದಾಗಿಯೂ ರಿಜನ್ನನು ಅಲ್ಲಿಯೇ ಜೆನಿಫರಳಿಗೆ ತಿಳಿಸುತ್ತಾನೆ. ಮಿಕ್ಕ ನಲವತ್ತು ಮಂದಿ ಮರಣಕ್ಕೆ ಸಂದರು. ಆಗ ಪ್ರೇಕ್ಷಕರಲ್ಲಿ ಯಾರಿಗೂ ಎದೆ ನಡುಗುವುದಿಲ್ಲ. ವೈದ್ಯನ ಹೊಣೆ ಎಷ್ಟು ಭಾರವಾದುದೆಂದು ಮರುಗುವರು. ಅದೇ ತಕ್ಕಡಿಯಲ್ಲಿ ಪರಿಚಿತನಾದ ಲೂಯಿಯನ್ನು ಏರಿಸಿದಾಗ ಮಾತ್ರ ಇದು ಕೊಲೆಯೆಂದು ಬೆಚ್ಚುವರು. ನಲವತ್ತು ಮಂದಿಗೆ ಹೆಸರಿಲ್ಲ, ಮುಖವಿಲ್ಲ, ಬೇಡಿಕೊಳ್ಳಲು ಬರುವ ಚೆಲುವೆಯಾದ ಪತ್ನಿಯಿಲ್ಲ. ನಾಟಕದ ಅತ್ಯಂತ ಕಠಿನವಾದ ವ್ಯಂಗ್ಯವು ಇದು. ಅದು ರಂಗದ ಮೇಲಿನ ವೈದ್ಯರಿಗಿಂತ ಕೆಳಗೆ ಕುಳಿತ ಸಭ್ಯರಿಗೇ ಹೆಚ್ಚಾಗಿ ತಗಲುವುದು.

ಇಲ್ಲಿ ಎರಡು ವಿವೇಕಗಳನ್ನು ಬೇರ್ಪಡಿಸಬೇಕು. ಆಯುರ್ವೇದವು ವ್ಯಾಧಿಯನ್ನು ಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಭಾಗಿಸುತ್ತದೆ. ಮದ್ದು ಕಡಮೆಯಾದಾಗ ಯಾರಿಗೆ ಅದು ಫಲಿಸುವುದೆಂದು ವಿಚಾರಿಸುವುದು ಸಾಧ್ಯಾಸಾಧ್ಯವಿವೇಕ. ಇದು ವೈದ್ಯನ ವಿದ್ಯೆಗೆ ಸೇರಿದುದು. ಯಾರು ಬದುಕಲು ಅರ್ಹರೆಂಬುದು ಯೋಗ್ಯಾಯೋಗ್ಯವಿವೇಕ. ಇದಕ್ಕೆ ವೈದ್ಯನಲ್ಲಿ ಶಾಸ್ತ್ರವೂ ಇಲ್ಲ, ಅಧಿಕಾರವೂ ಇಲ್ಲ. ಮೊದಲನೆಯದಕ್ಕೆ ನಾಡಿಯನ್ನು ಹಿಡಿದರೆ ಸಾಕು. ಎರಡನೆಯದಕ್ಕೆ ರೋಗಿಯ ಮನೆಯ ಬಾಗಿಲನ್ನು ಒಡೆಯಲೇ ಬೇಕು: ಅವನ ಸಾಲ, ಅವನ ದಾಂಪತ್ಯ, ಅವನ ನಡತೆ, ಎಲ್ಲವನ್ನೂ ಹೊರಗೆ ಎಳೆದು ತಂದು ತಟ್ಟೆಗೆ ಹಾಕದೆ ಆ ತೂಕವು ಆಗುವುದಿಲ್ಲ. ಯೋಗ್ಯತೆಯ ಮೇಲೆ ಮದ್ದನ್ನು ಹಂಚುವುದೂ ರೋಗಿಯ ಗುಟ್ಟನ್ನು ಬಯಲಿಗೆಳೆಯುವುದೂ ಎರಡು ದೋಷಗಳಂತೆ ತೋರಿದರೂ ಒಂದೇ ದೋಷದ ಎರಡು ಮುಖಗಳು. ಷಾನ ನಾಟಕದ ಸಾರವು ಇದೇ. ಪೀಠಿಕೆಯಲ್ಲಿ ಇದನ್ನು ಹುಡುಕಿ ಫಲವಿಲ್ಲ; ದೃಶ್ಯಗಳ ಜೋಡಣೆಯಲ್ಲಿ ಅದು ತಾನಾಗಿ ಹೊಳೆಯುತ್ತದೆ.

ಎರಡನೆಯ ಅಂಕದ ಔತಣವನ್ನೇ ನೋಡಬಹುದು. ಲೂಯಿಯ ಮಟ್ಟಿಗೆ ಅದು ಊಟ. ಕರೆದವನ ಮಟ್ಟಿಗೆ ಪರೀಕ್ಷೆ. ಪರೀಕ್ಷೆಗೆ ಒಳಗಾದವನಿಗೆ ತಾನು ಪರೀಕ್ಷಿತನೆಂಬ ಅರಿವಿಲ್ಲ. ಅವನು ಹೊರಟ ಮೇಲೆ ವೈದ್ಯರು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡು ಒಬ್ಬೊಬ್ಬರು ಕಂಡುದನ್ನೂ ಕಳೆದುಕೊಂಡುದನ್ನೂ ಕೂಡಿಸುತ್ತಾರೆ. ಆ ಮೊತ್ತವೇ ತೀರ್ಪಾಗುತ್ತದೆ. ಸಂಬಂಧವಿಲ್ಲದವರಿಗೆಲ್ಲ ತಿಳಿದ ಆ ಸಂಗತಿಯನ್ನು, ಅತ್ಯಂತ ಸಂಬಂಧಪಟ್ಟವಳಾದ ಜೆನಿಫರಳಿಂದ ಮಾತ್ರ ದಯೆಯ ಹೆಸರಿನಲ್ಲಿ ಮರೆಮಾಡುತ್ತಾರೆ. ನಾಲ್ಕನೆಯ ಅಂಕದಲ್ಲಿ ಈ ವ್ಯವಹಾರವು ತನ್ನ ಸಹಜವಾದ ತುದಿಯನ್ನು ಮುಟ್ಟುತ್ತದೆ. ಮರಣಶಯ್ಯೆಯ ಬಳಿಗೆ ವೃತ್ತಪತ್ರಿಕೆಯವನೊಬ್ಬನು ಬಂದು ನಿಂತು, ಗಂಡನು ಸತ್ತ ಕ್ಷಣದಲ್ಲಿಯೇ ವೈಧವ್ಯದ ಅನುಭವವನ್ನು ಆಕೆಯ ಬಾಯಿಂದ ಸಂಗ್ರಹಿಸಲು ಹವಣಿಸುತ್ತಾನೆ. ಈ ಪಾತ್ರವು ಅನಾವಶ್ಯಕವೆಂದು ಹೇಳಿದರೆ ನಾಟಕದ ಸೂತ್ರವು ಕೈತಪ್ಪಿದಂತೆಯೇ ಸರಿ. ವೈದ್ಯರೇ ಬಾಗಿಲನ್ನು ತೆರೆದಿಟ್ಟ ಮೇಲೆ ಬೀದಿಯವನು ಒಳಗೆ ಬರುವುದರಲ್ಲಿ ಆಶ್ಚರ್ಯವೇನು?

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನೆಂದರು? ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಷ್ಯನಿಗೆ ಉಪದೇಶಿಸುವ ವ್ರತನಿಯಮಗಳಿವೆ. ರೋಗಿಯ ಮನೆಯನ್ನು ಅನುಮತಿಯಿಂದಲೇ ಪ್ರವೇಶಿಸಬೇಕು. ಒಳಹೊಕ್ಕ ಮೇಲೆ ಮಾತು, ಮನಸ್ಸು, ಬುದ್ಧಿ, ಇಂದ್ರಿಯಗಳನ್ನು ರೋಗಿಯ ಹಿತವೊಂದನ್ನು ಬಿಟ್ಟು ಬೇರೆಲ್ಲಿಯೂ ಹರಿಯಗೊಡಬಾರದು. ಆ ಮನೆಯ ಸಮಾಚಾರವನ್ನು ಹೊರಗೆ ಬಿಡಬಾರದು. ಯವನರ ಹಿಪ್ಪೊಕ್ರೇಟಸನ ಹೆಸರಿನ ಪ್ರತಿಜ್ಞೆಯಲ್ಲಿಯೂ ಇದೇ ಬಗೆಯ ಮೌನವ್ರತವುಂಟು. ಇದು ಹೆಮ್ಮೆಯಿಂದ ನೆನೆಯತಕ್ಕ ಮಾತು. ಆದರೆ ಅದೇ ಅಧ್ಯಾಯವು ರಾಜನ ದ್ವೇಷಕ್ಕೆ ಪಾತ್ರರಾದವರಿಗೂ ಮಹಾಜನರ ದ್ವೇಷಕ್ಕೆ ಪಾತ್ರರಾದವರಿಗೂ ಅತ್ಯಂತ ದುಷ್ಟರಿಗೂ ಔಷಧವನ್ನು ಕೊಡಬಾರದೆಂದೂ, ಗಂಡನಾಗಲಿ ರಕ್ಷಕನಾಗಲಿ ಬಳಿಯಲ್ಲಿಲ್ಲದ ಸ್ತ್ರೀಯರಿಗೆ ಚಿಕಿತ್ಸೆ ಮಾಡಬಾರದೆಂದೂ ವಿಧಿಸುತ್ತದೆ. ಗೌರವದಿಂದ ಓದಿದ ಗ್ರಂಥವನ್ನು ಗೌರವದಿಂದಲೇ ಪ್ರಶ್ನಿಸಬೇಕು. ಮನೆಯ ಸುದ್ದಿಯನ್ನು ಹೊರಗೆ ಬಿಡಬಾರದೆಂಬ ವಿಧಿ, ದುಷ್ಟನಿಗೆ ಮದ್ದು ಕೊಡಬಾರದೆಂಬ ನಿಷೇಧ, ಇವೆರಡೂ ಒಂದೇ ಮನೆಯಲ್ಲಿ ಬಾಳಲಾರವು. ದುಷ್ಟನೆಂದು ತಿಳಿಯಬೇಕಾದರೆ ಯಾರಾದರೊಬ್ಬನು ಸುದ್ದಿಯನ್ನು ತರಲೇ ಬೇಕಷ್ಟೆ. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಬೇಕಾದ ಕಾಲದವರು ಮೊದಲನೆಯದನ್ನೇ ಉಳಿಸಿಕೊಳ್ಳುವುದು ಮೇಲು.

ಷಾನು ಪ್ರಶ್ನೆಯನ್ನು ಉತ್ಪ್ರೇಕ್ಷಿಸಿದನು, ಪ್ರಣಯವನ್ನು ಬೆರಸಿ ಕೆಡಿಸಿದನು, ನಿಷ್ಪಕ್ಷಪಾತಿಯಾದ ವೈದ್ಯನಾಗಿದ್ದರೆ ನ್ಯಾಯವಾಗಿ ತೂಗುತ್ತಿದ್ದನೆಂಬುದು ಬಹುಕಾಲದ ಆಕ್ಷೇಪ. ಇದಕ್ಕೆ ಲೋಕವೃತ್ತಾಂತವೇ ಉತ್ತರವನ್ನು ಕೊಟ್ಟಿದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯನು 1960ರಲ್ಲಿ ರೋಗಿಯ ತೋಳಿನಲ್ಲಿ ಇರಿಸುವ ನಳಿಕೆಯೊಂದನ್ನು ರೂಪಿಸಿ, ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಿಂದ ಮೇಲಿಂದ ಮೇಲೆ ಶುದ್ಧಿಗೊಳಿಸಲು ಸಾಧ್ಯಮಾಡಿದನು. ಯಂತ್ರಗಳು ಕೆಲವು, ಬೇಡುವವರು ಅನೇಕರು. ವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ಯಾರನ್ನು ಉಳಿಸುವುದೆಂಬುದನ್ನು ಏಳು ಮಂದಿಯ ಸಮಿತಿಗೆ ಬಿಟ್ಟರು. ಅದರಲ್ಲಿ ವಕೀಲ, ಪಾದ್ರಿ, ಬ್ಯಾಂಕಿನವನು, ಗೃಹಿಣಿ, ಸರ್ಕಾರದ ನೌಕರ, ಕಾರ್ಮಿಕರ ಮುಖಂಡ, ಶಸ್ತ್ರವೈದ್ಯ, ಹೀಗೆ ನಾನಾ ವೃತ್ತಿಯವರಿದ್ದರು. ಪ್ರಣಯದ ಸೋಂಕು ಅಲ್ಲಿರಲಿಲ್ಲ. ಆದರೂ ಅವರು ತೂಗಿದುದು ಏನನ್ನು? ವಯಸ್ಸು, ವಿವಾಹ, ಮಕ್ಕಳ ಸಂಖ್ಯೆ, ವರಮಾನ, ಆಸ್ತಿ, ವಿದ್ಯೆ, ಉದ್ಯೋಗ, ಮುಂದೆ ಲೋಕಕ್ಕೆ ಆಗಬಹುದಾದ ಉಪಯೋಗ! 1962ರ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಶಾನಾ ಅಲೆಗ್ಸಾಂಡರ್ ಎಂಬಾಕೆಯು ಈ ಸಮಿತಿಯ ವೃತ್ತಾಂತವನ್ನು ಬರೆದಾಗ ಜನರು ದಿಗ್ಭ್ರಮೆಗೊಂಡರು. ತೂಗುವವರ ಹೆಸರುಗಳು ಗೋಪ್ಯವಾಗಿದ್ದವು. ತೂಗಲ್ಪಟ್ಟವರ ಬಾಳು ಮೇಜಿನ ಮೇಲೆ ತೆರೆದಿತ್ತು. ರಿಜನ್ನನ ಔತಣವು ಐವತ್ತಾರು ವರ್ಷಗಳ ತರುವಾಯ ಸಮಿತಿಯ ರೂಪವನ್ನು ತಾಳಿತೆಂದೇ ಹೇಳಬೇಕು. 1972ರಲ್ಲಿ ಅಮೆರಿಕದ ಶಾಸನಸಭೆಯು ಈ ರೋಗಿಗಳಲ್ಲಿ ಬಹುತೇಕ ಎಲ್ಲರ ಚಿಕಿತ್ಸೆಯ ವೆಚ್ಚವನ್ನೂ ಸಾರ್ವಜನಿಕ ನಿಧಿಯಿಂದ ಕೊಡುವ ಶಾಸನವನ್ನು ಮಾಡಿದ ಮೇಲೆ ಅಂತಹ ಸಮಿತಿಗೆ ಕೆಲಸವಿಲ್ಲದಂತಾಯಿತು.

ಷಾನ ರೋಗವಾದ ಕ್ಷಯಕ್ಕೇ ಸಂಬಂಧಿಸಿದ ಇನ್ನೊಂದು ನಿದರ್ಶನವು ಮತ್ತಷ್ಟು ಬೋಧಪ್ರದವಾಗಿದೆ. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಮದ್ದು ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಅತಿ ದುರ್ಲಭವಾಗಿದ್ದಾಗ, ಅಲ್ಲಿನ ವೈದ್ಯಸಂಶೋಧನಾ ಮಂಡಲಿಯು ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞನ ಕ್ರಮದಂತೆ, ಮುಚ್ಚಿದ ಲಕೋಟೆಗಳ ಮೂಲಕ ರೋಗಿಗಳನ್ನು ಆರಿಸಿತು. 1948ರಲ್ಲಿ ಪ್ರಕಟವಾದ ವರದಿಯಂತೆ 55 ಮಂದಿಗೆ ಮದ್ದು ದೊರೆಯಿತು, 52 ಮಂದಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲಿನವರಲ್ಲಿ 4 ಮಂದಿಯೂ ಎರಡನೆಯವರಲ್ಲಿ 14 ಮಂದಿಯೂ ಗತಿಸಿದರು. ಇಲ್ಲಿ ಯಾರ ಮನೆಯ ಬಾಗಿಲನ್ನೂ ಯಾರೂ ತಟ್ಟಲಿಲ್ಲ. ಸಜ್ಜನನೂ ದುರ್ಜನನೂ ಲಕೋಟೆಗೆ ಸಮಾನರು. ಯೋಗ್ಯತೆಯ ತೂಕಕ್ಕಿಂತ ಇದು ನಿಸ್ಸಂಶಯವಾಗಿ ಶುದ್ಧವಾದ ಮಾರ್ಗ. ಆದರೂ ಒಂದು ಕೊರತೆ ಉಳಿಯಿತು. ಮದ್ದಿಲ್ಲದ ರೋಗಿಗಳಿಗೆ ತಾವು ಇಂತಹ ಪ್ರಯೋಗದಲ್ಲಿ ಸೇರಿರುವೆವೆಂಬುದನ್ನೇ ತಿಳಿಸಿರಲಿಲ್ಲ. ಅವರ ದೇಹದಿಂದ ದೊರೆತ ಅರಿವು ಮುಂದೆ ಲಕ್ಷಾಂತರ ಜನರಿಗೆ ಪ್ರಾಣದಾನವನ್ನು ಮಾಡಿತು. ಕೊಟ್ಟವರಿಗೆ ಮಾತ್ರ ತಾವು ಕೊಟ್ಟೆವೆಂಬುದು ಗೊತ್ತಾಗಲಿಲ್ಲ. ದಾನವೆಂಬುದು ಕೊಡುವವನ ಸಂಕಲ್ಪದಿಂದ ಆಗತಕ್ಕುದು. ಸಂಕಲ್ಪವಿಲ್ಲದೆ ತೆಗೆದುಕೊಂಡುದಕ್ಕೆ ಬೇರೆ ಹೆಸರುಂಟು.

ಅದೇ 1948ರಲ್ಲಿ ಷಾನ ಕಲ್ಪನೆಯು ಬೇರೊಂದು ರೀತಿಯಲ್ಲಿ ನಿಜವಾಯಿತು. ಜಾರ್ಜ್ ಆರ್ವೆಲ್ ಎಂಬ ಗ್ರಂಥಕರ್ತನು ಕ್ಷಯದಿಂದ ನರಳುತ್ತ ಗ್ಲಾಸ್ಗೋ ನಗರದ ಸಮೀಪದ ಹೇರ್‌ಮೈರ್ಸ್ ಆಸ್ಪತ್ರೆಯಲ್ಲಿದ್ದನು. ಮಿತ್ರನಾದ ಡೇವಿಡ್ ಆಸ್ಟರನ ಸಹಾಯದಿಂದಲೂ ಆರೋಗ್ಯಮಂತ್ರಿ ಬೆವಾನನ ಅನುಮತಿಯಿಂದಲೂ ಅವನಿಗಾಗಿ ಅಮೆರಿಕದಿಂದ ಈ ಮದ್ದು ಬಂದಿತು. ಮದ್ದು ಅವನ ಮೈಗೆ ಒಗ್ಗದೆ ನಿಲ್ಲಿಸಬೇಕಾಯಿತು. 1950ರ ಜನವರಿ 21ರಂದು ಅವನು ತೀರಿಕೊಂಡನು. ಅವನನ್ನು ನಿಂದಿಸುವವರಾರು? ಮಿತ್ರನ ಪ್ರಾಣಕ್ಕಾಗಿ ಓಡಾಡಿದವರನ್ನು ದೂಷಿಸುವವರಾರು? ಜೆನಿಫರಳನ್ನೂ ಯಾರೂ ದೂಷಿಸುವುದಿಲ್ಲ. ಆದರೆ ಯೋಗ್ಯತೆಯೆಂಬ ತೂಕವು ಲೋಕದಲ್ಲಿ ಬಹುಬೇಗ ಪರಿಚಯವೆಂಬ ತೂಕವಾಗಿ ಮಾರ್ಪಡುವುದೆಂಬುದಕ್ಕೆ ಇದು ಸಾಕ್ಷಿ. ಮನೆಯ ಮೂಲೆಮೂಲೆಯನ್ನೂ ಪ್ರಭುತ್ವವು ಇಣಿಕಿ ನೋಡುವ ರಾಜ್ಯವೊಂದರ ಕಥೆಯನ್ನು ಅವನು ಆ ವರ್ಷವೇ ಬರೆದು ಮುಗಿಸುತ್ತಿದ್ದನೆಂಬುದು ವಿಧಿಯ ಚಮತ್ಕಾರ.

ಈಗ ತಕ್ಕಡಿಯು ಯಂತ್ರದ ಕೈಗೆ ಹೋಗಿದೆ. ಯಂತ್ರಕ್ಕೆ ಪ್ರಣಯವೂ ಇಲ್ಲ, ಮತ್ಸರವೂ ಇಲ್ಲ. ಅದು ನ್ಯಾಯವಾಗಿ ತೂಗಬೇಡವೆ? 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಉತ್ತರ ಹೇಳಿತು. ಅಮೆರಿಕದಲ್ಲಿ ಯಾರಿಗೆ ವಿಶೇಷ ಆರೈಕೆ ಬೇಕೆಂಬುದನ್ನು ಗಣಕದ ಲೆಕ್ಕವೊಂದು ಸೂಚಿಸುತ್ತಿತ್ತು. ರೋಗದ ಭಾರವನ್ನು ಅದು ಅಳೆದುದು ಹಿಂದೆ ಚಿಕಿತ್ಸೆಗೆ ಆದ ವೆಚ್ಚದಿಂದ. ಅಷ್ಟೇ ರೋಗವಿದ್ದರೂ ಕರಿಯ ಜನರಿಗಾಗಿ ಕಡಮೆ ಹಣ ವೆಚ್ಚವಾಗುತ್ತಿದ್ದುದರಿಂದ, ಅವರು ಹೆಚ್ಚು ಆರೋಗ್ಯವಂತರೆಂದು ಯಂತ್ರವು ಎಣಿಸಿತು! ಹಳೆಯ ಅನ್ಯಾಯವು ಅಂಕಿಗಳ ಉಡುಪನ್ನು ತೊಟ್ಟು ಹೊಸ ನ್ಯಾಯವೆನಿಸಿಕೊಂಡಿತು. ರಿಜನ್ನನಾದರೋ ತನ್ನ ಮನಸ್ಸಿನ ಕಲ್ಮಷವನ್ನು ವೃದ್ಧನಾದ ಸರ್ ಪ್ಯಾಟ್ರಿಕನ ಮುಂದೆ ಒಪ್ಪಿಕೊಂಡನು. ಯಂತ್ರಕ್ಕೆ ಆ ನಾಚಿಕೆಯೂ ಇಲ್ಲ.

ಭರತಖಂಡದಲ್ಲಿಯೂ ಈ ಚರ್ಚೆ ದೂರದ್ದಲ್ಲ. ಖಾಸಗಿ ಬಾಳು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ನೆಯ ಆಗಸ್ಟ್ 24ರಂದು ಏಕಾಭಿಪ್ರಾಯದಿಂದ ಸಾರಿದರು; ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಹೀಗಿದ್ದೂ 2020ರ ಮಾರ್ಚಿಯಲ್ಲಿ, ಕೊರೋನಾ ಸೋಂಕಿನ ಭಯದಲ್ಲಿ, ಮನೆಯಲ್ಲಿಯೇ ಪ್ರತ್ಯೇಕವಾಗಿರಬೇಕೆಂದು ವಿಧಿಸಲ್ಪಟ್ಟವರ ವಿಳಾಸಗಳ ಪಟ್ಟಿಯು ಕರ್ನಾಟಕದಲ್ಲಿಯೇ ಸರ್ಕಾರದಿಂದ ಪ್ರಕಟವಾಯಿತು. ಸೋಂಕು ಹರಡದಿರಲೆಂಬ ಉದ್ದೇಶವು ಸಾಧುವೇ. ಆದರೆ ಪಟ್ಟಿಯು ಬೀದಿಗೆ ಬಂದ ಮೇಲೆ ನೆರೆಹೊರೆಯವರೇ ತಕ್ಕಡಿಯನ್ನು ಹಿಡಿಯುವರು. ಮನೆಯ ಸುದ್ದಿ ಬೀದಿಯ ಪಾಲಾಗುವುದೆಂದು ಹೆದರಿದ ರೋಗಿಯು ಮುಂದಿನ ಸಲ ರೋಗವನ್ನೇ ಮುಚ್ಚಿಡುವನು. ಆಗ ಅವನಿಗೂ ಕೇಡು, ಊರಿಗೂ ಕೇಡು.

ಇನ್ನು ನಾಟಕದ ಗುಣದೋಷಗಳನ್ನು ತೂಗಿ ಮುಗಿಸಬಹುದು. ಲೂಯಿಯನ್ನು ಅಷ್ಟು ದುಷ್ಟನನ್ನಾಗಿಯೂ ರಿಜನ್ನನನ್ನು ಪ್ರಣಯಿಯನ್ನಾಗಿಯೂ ಮಾಡಿದುದು ದೋಷವೆಂಬ ಮಾತು ನಿಲ್ಲದು. ಕೈಯಿಲ್ಲದ ತಕ್ಕಡಿಯಿಲ್ಲ; ಕೈಯಿದ್ದಲ್ಲಿ ಒಲವಿದ್ದೇ ಇರುವುದು. ಇದನ್ನು ಷಾನು ಮರೆಮಾಡದೆ ತೋರಿಸಿದುದು ಅವನ ಸತ್ಯನಿಷ್ಠೆ. ನಿಜವಾದ ದೋಷವು ಬೇರೆಡೆಯಲ್ಲಿದೆ. ಬ್ಲೆಂಕಿನ್ಸಾಪನು ಎರಡನೆಯ ಅಂಕದ ತರುವಾಯ ರಂಗದ ಮೇಲೆ ಬರುವುದೇ ಇಲ್ಲ. ತನಗಾಗಿ ಒಬ್ಬನನ್ನು ಸಾಯಗೊಟ್ಟರೆಂಬುದನ್ನು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಆ ಸಾಧುವು ಏನೆನ್ನುತ್ತಿದ್ದನು? ಅರ್ಧ ಕ್ರೌನನ್ನೂ ಕೊಟ್ಟವನು ಪ್ರಾಣವನ್ನು ಒಪ್ಪಿಕೊಳ್ಳುತ್ತಿದ್ದನೆ? ಕರುಣರಸದ ಅತ್ಯುತ್ತಮವಾದ ಸಂಧಿಯು ಇಲ್ಲಿ ಕೈತಪ್ಪಿದೆ. ತೂಗುವವರ ಮಾತನ್ನು ಐದು ಅಂಕಗಳಲ್ಲಿ ಕೇಳಿಸಿದ ಕವಿಯು, ತೂಗಿ ಉಳಿಸಲ್ಪಟ್ಟವನ ಮಾತನ್ನು ಒಂದು ದೃಶ್ಯದಲ್ಲಿಯಾದರೂ ಕೇಳಿಸಬೇಕಾಗಿತ್ತು.

ಆದರೂ ಈ ಕೃತಿಯು ಮನೆಮನೆಯಲ್ಲಿ ಓದತಕ್ಕುದು. ಮದ್ದು ಸಾಲದಾದಾಗ ರಾಜ್ಯವು ಮೊದಲು ಮಾಡತಕ್ಕುದು ಮದ್ದನ್ನು ಹೆಚ್ಚಿಸುವ ಪ್ರಯತ್ನ. ಅದು ಕೈಗೂಡುವವರೆಗೆ ರೋಗದ ಬಲಾಬಲವನ್ನು ಮಾತ್ರ ನೋಡುವುದು, ಅಲ್ಲಿಯೂ ಸಮವಾದರೆ ಬಂದ ಸರದಿಯನ್ನೋ ಲಕೋಟೆಯನ್ನೋ ನಂಬುವುದು, ಯಾವ ಕ್ರಮವೆಂಬುದನ್ನು ರೋಗಿಗೆ ಮುಂಚಿತವಾಗಿ ತಿಳಿಸುವುದು. ರೋಗವನ್ನು ಕಳೆಯಲೆಂದು ರೋಗಿಯು ಒಪ್ಪಿಸಿದ ಸಂಗತಿಯು ಅವನನ್ನೇ ತೂಗುವ ಕಲ್ಲಾಗಕೂಡದು. ಮುಂದೆ ಈ ನಾಟಕವನ್ನು ಕೈಗೆತ್ತಿಕೊಳ್ಳುವ ವಾಚಕರು ಲೂಯಿಯ ಮರಣದೃಶ್ಯದಲ್ಲಿ ಕಣ್ಣೀರಿಡುವುದಕ್ಕೆ ಮೊದಲು ಒಂದನೆಯ ಅಂಕಕ್ಕೆ ಹಿಂದಿರುಗಿ, ಅಲ್ಲಿ ಒಂದೇ ಮಾತಿನಲ್ಲಿ ಕಳೆದುಹೋದ ಆ ನಲವತ್ತು ಮಂದಿಯನ್ನು ಒಬ್ಬೊಬ್ಬರನ್ನಾಗಿ ಎಣಿಸಿ ನೋಡಲಿ.